ಗರ್ಭದಲ್ಲಿ ಮೆದುಳು ಯಾವಾಗ ಶುರುವಾಗುತ್ತದೆ? ಅದನ್ನು ಕಾಪಾಡುವುದು ಬುರುಡೆ ಒಂದೇನಾ?

ಭ್ರೂಣದಲ್ಲಿ ಮೆದುಳು ಯಾವಾಗ, ಹೇಗೆ ರೂಪುಗೊಳ್ಳುತ್ತದೆ, ಇಷ್ಟು ಮೆತ್ತಗಿನ ಅಂಗಕ್ಕೆ ಬುರುಡೆಯ ಕಾವಲೊಂದೇ ಸಾಕಾ ಅಂತ ಕೇಳಿದ್ದೀರಿ. ನಾನು ಅನಾಟಮಿ ಪಾಠ ಮಾಡುವವನು. ಈ ಎರಡನ್ನೂ ಒಟ್ಟಿಗೇ ಕೇಳಿದ್ದು ಒಳ್ಳೆಯದಾಯಿತು. ಮೆದುಳಿನ ದೊಡ್ಡ ಕಾವಲು ಯಾವುದು ಅನ್ನುವುದು ಅದು ಬೆಳೆದ ರೀತಿ ನೋಡಿದರೇ ತಿಳಿಯುವುದು.

ಮೂರನೇ ವಾರದಲ್ಲಿ ಭ್ರೂಣ ಅಂದರೆ ಮೂರು ಪದರಗಳ ಒಂದು ಚಪ್ಪಟೆ ಬಿಲ್ಲೆ, ಅಷ್ಟೆ. ಮೇಲಿನ ಪದರದ ಬಹುಭಾಗ ಮುಂದೆ ಚರ್ಮದ ಹೊರಪದರವಾಗುತ್ತದೆ. ಅದೇ ಪದರದ ನಡುಭಾಗ ದಪ್ಪವಾಗಿ ಮೆದುಳಿನ ದಾರಿ ಹಿಡಿಯುತ್ತದೆ. ಇಲ್ಲೊಂದು ವಿಚಿತ್ರ ಇದೆ. ಈ ಪದರದ ಜೀವಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನರಕೋಶಗಳೇ ಆಗಲು ಹೊರಡುತ್ತವೆ. ಬಿಎಂಪಿ ಎಂಬ ಪ್ರೋಟೀನುಗಳು ಅದಕ್ಕೆ ಅಡ್ಡ ನಿಂತು ಚರ್ಮದ ಕಡೆ ತಿರುಗಿಸುತ್ತವೆ. ನಡುಭಾಗದಲ್ಲಿ ಮಾತ್ರ, ಕೆಳಗಿನಿಂದ ಬರುವ ನಾಗಿನ್, ಕಾರ್ಡಿನ್ ಎಂಬ ಬೇರೆ ಪ್ರೋಟೀನುಗಳು ಆ ಬಿಎಂಪಿಯನ್ನೇ ತಡೆಯುತ್ತವೆ. ಅಡ್ಡಿಗೇ ಅಡ್ಡಿ ಬಂದು ಮೆದುಳು ಶುರುವಾಗುತ್ತದೆ!

ಆಮೇಲೆ ಆ ದಪ್ಪ ಭಾಗದ ಎರಡೂ ಅಂಚು ಮೇಲೇಳುತ್ತವೆ, ನಡುವೆ ತಗ್ಗಾಗುತ್ತದೆ, ಅಂಚುಗಳು ಕೂಡಿಕೊಂಡು ಕೊಳವೆಯಾಗುತ್ತದೆ. ಇದೇ ನ್ಯೂರಲ್ ಟ್ಯೂಬ್. ಕೂಡಿಕೊಳ್ಳುವುದು ಮುಂದೆ ಕುತ್ತಿಗೆಯಾಗುವ ಜಾಗದ ಹತ್ತಿರ, ಸುಮಾರು 22ನೇ ದಿನ ಶುರು. ತಲೆಯ ತುದಿ ಸುಮಾರು 25ನೇ ದಿನ ಮುಚ್ಚಿಕೊಳ್ಳುತ್ತದೆ, ಬಾಲದ ತುದಿ 28ನೇ ದಿನದ ಹೊತ್ತಿಗೆ.

ಈ ದಿನಗಳ ಲೆಕ್ಕ ಗರ್ಭ ಕಟ್ಟಿದ ದಿನದಿಂದ. ಡಾಕ್ಟರು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಈ 28ನೇ ದಿನ ಅವರ ಲೆಕ್ಕದಲ್ಲಿ ಸುಮಾರು ಆರು ವಾರ. ಮುಟ್ಟು ತಪ್ಪಿ ಬರೀ ಎರಡು ವಾರ! ಎಷ್ಟೋ ಜನ ಆಗಿನ್ನೂ ಡಾಕ್ಟರ ಹತ್ತಿರ ಹೋಗಿಯೇ ಇರುವುದಿಲ್ಲ. ತಲೆಯ ತುದಿ ಮುಚ್ಚದಿದ್ದರೆ ಅನೆನ್‌ಸೆಫಲಿ ಆಗುತ್ತದೆ, ಅಂದರೆ ಮೆದುಳಿನ ಬಹುಭಾಗ ಬೆಳೆಯುವುದಿಲ್ಲ, ಅದರ ಮೇಲಿನ ಬುರುಡೆಯ ಛಾವಣಿಯೂ ಕಟ್ಟಿಕೊಳ್ಳುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯೂ ಅದರ ಮೇಲಿನ ಬೆನ್ನುಮೂಳೆಯೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ಧರಿಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಿ ಎನ್ನುವುದು. ಹಿಂದಿನ ಮಗುವಿಗೆ ಈ ತೊಂದರೆ ಇದ್ದ ತಾಯಂದಿರ ಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿದ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು: ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ದೊಡ್ಡ ಲಾಭ ಸಿಗುವುದು ವೈದ್ಯಕೀಯದಲ್ಲಿ ಅಪರೂಪ. ಆ ಹೆಚ್ಚಿನ ಡೋಸ್ ಮಾತ್ರ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವಂಥದ್ದಲ್ಲ.

ಕೊಳವೆಯ ಮುಂದಿನ ತುದಿ ಮೊದಲು ಮೂರು ಕಡೆ ಉಬ್ಬುತ್ತದೆ: ಮುಂಮೆದುಳು, ನಡುಮೆದುಳು, ಹಿಮ್ಮೆದುಳು. ಐದನೇ ವಾರದಲ್ಲಿ ಮೊದಲನೆಯದು ಮತ್ತು ಕೊನೆಯದು ಎರಡೆರಡಾಗಿ ಒಟ್ಟು ಐದಾಗುತ್ತವೆ. ಹೊಸ ನರಕೋಶಗಳು ಹುಟ್ಟುವುದು ಒಳಗೋಡೆಯ ಹತ್ತಿರ. ಅಲ್ಲಿಂದ ಹೊರಕ್ಕೆ ಸಾಗುತ್ತವೆ. ಆಮೇಲೆ ಹುಟ್ಟಿದವು ಮೊದಲು ಹುಟ್ಟಿದವನ್ನು ದಾಟಿ ಇನ್ನೂ ಮೇಲೆ ಹೋಗಿ ಕೂರುತ್ತವೆ. ನಾವು ಚಿತ್ರಗಳಲ್ಲಿ ನೋಡುವ ಸುಕ್ಕುಗಳು ಬರುವುದು ತಡವಾಗಿ. ಗರ್ಭದ ಅರ್ಧದಾರಿಯವರೆಗೂ ಮೆದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪು.

ಇಷ್ಟೆಲ್ಲ ಆದರೂ ಕೊಳವೆಯ ಟೊಳ್ಳು ಮಾತ್ರ ಮುಚ್ಚಿಹೋಗುವುದಿಲ್ಲ. ಈಗಲೂ ನಿಮ್ಮ ತಲೆಯೊಳಗಿದೆ. ಮೆದುಳಿನ ನಾಲ್ಕು ವೆಂಟ್ರಿಕಲ್‌ಗಳು ಅಂತ ಕರೆಯುವುದು ಅದನ್ನೇ. ಅವುಗಳೊಳಗಿನ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲು ದಿನಕ್ಕೆ ಸುಮಾರು 500 ಮಿಲಿಲೀಟರ್ ತಿಳಿ ದ್ರವ ತಯಾರಿಸುತ್ತದೆ. ಒಂದು ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ, ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬದಲಾಗುತ್ತದೆ. ಅದು ನಾಲ್ಕನೇ ವೆಂಟ್ರಿಕಲ್‌ನ ರಂಧ್ರಗಳಿಂದ ಹೊರಬಂದು ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು, ಕೊನೆಗೆ ರಕ್ತ ಸೇರುತ್ತದೆ.

ನನ್ನನ್ನು ಕೇಳಿದರೆ ಬುರುಡೆಗಿಂತ ದೊಡ್ಡ ಕಾವಲು ಈ ದ್ರವವೇ. ಕಾಲೇಜಿನಲ್ಲಿ ತೋರಿಸುವ ಮೆದುಳು ಫಾರ್ಮಲಿನ್‌ನಲ್ಲಿ ನೆನೆದು ರಬ್ಬರಿನಂತಾಗಿರುತ್ತದೆ. ಅದನ್ನು ನೋಡಿ ಮೋಸಹೋಗಬೇಡಿ. ಹಸಿ ಮೆದುಳನ್ನು ಮೇಜಿನ ಮೇಲಿಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸುಮಾರು 1400 ಗ್ರಾಂ ತೂಗುವ ಆ ಮೆದುಳು ದ್ರವದಲ್ಲಿ ತೇಲುವಾಗ ಅದರ ಭಾರ ಬರೀ 50 ಗ್ರಾಂನಷ್ಟು! ಈ ಏರ್ಪಾಟಿಗೂ ತೊಂದರೆ ತಪ್ಪಿದ್ದಲ್ಲ. ನಡುಮೆದುಳಿನಲ್ಲಿ ಟೊಳ್ಳು ತೀರ ಸಣ್ಣ ಕಾಲುವೆಯಾಗಿ ಉಳಿದಿರುತ್ತದೆ. ಅದು ಕಟ್ಟಿಕೊಂಡರೆ ದ್ರವ ಹಿಂದೆ ತುಂಬಿಕೊಂಡು ಹೈಡ್ರೋಸೆಫಲಸ್ ಆಗುತ್ತದೆ. ಹಸುಗೂಸಿನ ಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ, ಹಾಗಾಗಿ ತಲೆ ದೊಡ್ಡದಾಗುತ್ತದೆ. ದೊಡ್ಡವರಲ್ಲಿ ಹಿಗ್ಗಲು ಜಾಗವೇ ಇಲ್ಲ, ಒತ್ತಡವೆಲ್ಲ ಮೆದುಳಿನ ಮೇಲೆ.

ಬುರುಡೆ ಮತ್ತು ಮೆದುಳಿನ ನಡುವೆ ಮೂರು ಪೊರೆಗಳಿವೆ. ಹೊರಗೆ ಗಟ್ಟಿಯಾದ ಡ್ಯೂರಾ, ನಡುವೆ ಅರಕ್ನಾಯ್ಡ್, ಮೆದುಳಿಗೇ ಅಂಟಿಕೊಂಡ ತೆಳು ಪಯಾ. ದ್ರವ ಇರುವುದು ಕೊನೆಯ ಎರಡರ ನಡುವೆ. ಮೆದುಳಿನ ಮುಂಭಾಗದ ಅರಕ್ನಾಯ್ಡ್, ಪಯಾ, ಹಣೆಯ ಮೂಳೆಯ ಬಹುಪಾಲು ಎಲ್ಲವೂ ಬರುವುದು ಕೊಳವೆ ಮುಚ್ಚುವ ಹೊತ್ತಿಗೆ ಅದರ ಅಂಚಿನಿಂದ ಕಳಚಿ ಹೊರಟ ಜೀವಕೋಶಗಳಿಂದ. ಕಾವಲಿನವರೂ ಒಂದೇ ಮನೆಯವರು, ನೋಡಿ.

ಬುರುಡೆಯ ಬಗ್ಗೆ ಒಂದೇ ಎಚ್ಚರಿಕೆ. ಅದು ಹಿಗ್ಗದ ಪೆಟ್ಟಿಗೆ. ತಲೆಗೆ ಪೆಟ್ಟಾಗಿ ಡ್ಯೂರಾದ ಹೊರಗೆ ಅಪಧಮನಿ ಹರಿದರೆ, ರಕ್ತ ತುಂಬಿಕೊಳ್ಳುತ್ತಾ ಮೆದುಳನ್ನು ಒತ್ತುತ್ತದೆ. ಮನುಷ್ಯ ಮೊದಲು ಎದ್ದು ಮಾತಾಡಿ, ಕೆಲವು ಗಂಟೆ ಬಿಟ್ಟು ಪ್ರಜ್ಞೆ ತಪ್ಪಬಹುದು. ಪೆಟ್ಟಿನ ನಂತರ ವಾಂತಿ, ಮಂಪರು, ಜಾಸ್ತಿಯಾಗುತ್ತಲೇ ಹೋಗುವ ತಲೆನೋವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಯ ಕಾವಲು ರಕ್ತನಾಳಗಳ ಗೋಡೆಯಲ್ಲಿದೆ. ಬೇರೆ ಕಡೆ ಸಣ್ಣ ರಕ್ತನಾಳಗಳ ಜೀವಕೋಶಗಳ ನಡುವೆ ಸಂದು ಇರುತ್ತದೆ, ಮೆದುಳಿನಲ್ಲಿ ಅವು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಹಾಗಾಗಿ ಎಷ್ಟೋ ಔಷಧಿಗಳೂ ಒಳಗೆ ಹೋಗಲಾರವು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಕಡಿಮೆಯಾಗುವುದು ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ, ಆದರೆ ಅದನ್ನೇ ಕೊಟ್ಟರೆ ಈ ಗೋಡೆ ದಾಟುವುದಿಲ್ಲ. ದಾಟಬಲ್ಲ ಎಲ್-ಡೋಪಾ ಕೊಡುತ್ತಾರೆ, ಅದು ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಕೆಲವೇ ಕೆಲವು ಜಾಗಗಳಲ್ಲಿ ಈ ಗೋಡೆ ಸಡಿಲ. ನಾಲ್ಕನೇ ವೆಂಟ್ರಿಕಲ್‌ನ ತಳದಲ್ಲಿರುವ ಏರಿಯಾ ಪೋಸ್ಟ್ರೀಮಾ ಅಂಥದ್ದೊಂದು. ರಕ್ತದಲ್ಲಿ ವಿಷ ಸೇರಿದ್ದು ಅದಕ್ಕೆ ನೇರವಾಗಿ ಗೊತ್ತಾಗುತ್ತದೆ, ತಕ್ಷಣ ವಾಂತಿ ಮಾಡಿಸುತ್ತದೆ.