ಹೆಣ ಎತ್ತಿದ್ದು ಯಾರು?

ಪ್ರಿಯರೇ,

ಮೊದಲ ಮಹಾಯುದ್ಧದ ಕಾಲ, 1915ರಲ್ಲಿ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಯಲ್ಲಿ ಸಾಯುವ ಗಢವಾಲಿ ಸಿಪಾಯಿಯ ಬಗ್ಗೆ ನೀವು ಬರೆದ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಮಾತುಕತೆಗಳೂ ಸಹಜವಾಗಿವೆ. ಆದರೆ ಕೊನೆಯ ಪುಟ ಓದಿ ಸಿಟ್ಟು ಬಂತು.

"ಅನಾಥ ಶವ ಪರದೇಶದ ಮಣ್ಣಲ್ಲಿ ಮಣ್ಣಾಯಿತು." ಹೇಗೆ ಮಣ್ಣಾಯಿತು? ನಿಮ್ಮ ಸಿಪಾಯಿ ಹಿಂದೂ. ಬ್ರೈಟನ್‌ನಲ್ಲಿ ಸತ್ತ ಹಿಂದೂ, ಸಿಖ್ ಸೈನಿಕರನ್ನು ಊರಾಚೆ ಪ್ಯಾಚಮ್ ಹತ್ತಿರದ ಗುಡ್ಡಕ್ಕೆ ಒಯ್ದು ಸುಡುತ್ತಿದ್ದರು. ಬೂದಿ ಸಮುದ್ರಕ್ಕೆ. ಆ ಗುಡ್ಡದ ಮೇಲೆ ಸುಟ್ಟದ್ದು 53 ಜನರನ್ನು. 1921ರಲ್ಲಿ ಅಲ್ಲಿ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟದ ಸ್ಮಾರಕ ಮಂಟಪ, ಎದ್ದಿತು. ಚಿತೆ ಉರಿದ ಜಾಗದ ಮೇಲೆ ಗ್ರಾನೈಟ್ ಚಪ್ಪಡಿ ಹಾಸಿದ್ದಾರೆ. ಮುಸ್ಲಿಂ ಸೈನಿಕರನ್ನು ಒಯ್ದದ್ದು ವೋಕಿಂಗ್‌ಗೆ, ಅಲ್ಲಿನ ಮಸೀದಿಗೆ ಹತ್ತಿರದ ಖಬರಸ್ಥಾನಕ್ಕೆ.

ಮುಂದಿನ ಸಾಲು: "ಮಂತ್ರವಿಲ್ಲ, ಬೆಂಕಿಯಿಲ್ಲ, ತನ್ನವರಿಲ್ಲ." ಮೂರೂ ಸುಳ್ಳು. ಕ್ರಿಯೆ ಮಾಡುತ್ತಿದ್ದವರು ಅವರವರ ಧರ್ಮದವರೇ. ಬ್ರಿಟಿಷರಿಗೆ ಸುಮ್ನೆ ಕರುಣೆ ಉಕ್ಕಿತು ಅಂತಲ್ಲ. ಮುಸ್ಲಿಮರಿಗೆ ಸರಿಯಾಗಿ ದಫನ್ ಆಗುತ್ತಿಲ್ಲ ಅಂತ ಜರ್ಮನ್ನರು ಪ್ರಚಾರ ಮಾಡುತ್ತಿದ್ದರು. ಹೆಣದ ಸುದ್ದಿ ಊರಿಗೆ ಹೋದರೆ ಸೈನ್ಯಕ್ಕೆ ಸೇರಲು ಹುಡುಗರು ಸಿಗುವುದಿಲ್ಲ ಅನ್ನುವ ಅಂಜಿಕೆ ಬೇರೆ. ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಿ ಬದುಕಿದ್ದವರು ಹೊರಗೆ ಕಾಲಿಡದಂತೆ ಮುಳ್ಳುತಂತಿ ಬಿಗಿದಿದ್ದರು. ಸತ್ತ ಮೇಲೆ ಇಷ್ಟೆಲ್ಲ ಉಪಚಾರ! ಕಥೆ ಇರುವುದು ಇಲ್ಲಿ, ನೀವು ಬರೆದ ಕಣ್ಣೀರಿನಲ್ಲಲ್ಲ.

ನಾನು ಕೆಲಸ ಕಲಿಯುವಾಗ ಡೆಸ್ಕಿನಲ್ಲಿ ಒಬ್ಬ ಹಿರಿಯರಿದ್ದರು. ಯಾರ ಕಥೆಯಲ್ಲಾದರೂ ಸಾವು ಬಂದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆಯುತ್ತಿದ್ದರು: "ಹೆಣ ಎತ್ತಿದ್ದು ಯಾರು? ಚಟ್ಟಕ್ಕೆ ಬಿದಿರು ಎಲ್ಲಿಂದ ಬಂತು?" ನಮಗೆಲ್ಲ ಸಿಕ್ಕಾಪಟ್ಟೆ ಕಿರಿಕಿರಿ. ಚಹಾ ಕುಡಿಯುವಾಗ ಅವರನ್ನೇ ಆಡಿಕೊಳ್ಳುತ್ತಿದ್ದೆವು. ಈಗ ನೋಡಿ, ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಅದೇ ಪ್ರಶ್ನೆ ನನ್ನ ಅಕ್ಷರದಲ್ಲಿದೆ.

ಅನಾಥ, ಪರದೇಶ, ಮಣ್ಣು, ಮೂರನ್ನೂ ಹೊಡೆದುಹಾಕಿ. ಪಕ್ಕದ ಮಂಚದವನ ಕಣ್ಣಿನಿಂದ ಬರೆಯಿರಿ. ಬೆಳಗ್ಗೆ ಎದ್ದಾಗ ಮಂಚ ಖಾಲಿ. ಗುಡ್ಡಕ್ಕೆ ಯಾರು ಹೋದರು, ಸಂಜೆ ವಾಪಸ್ ಬಂದು ಏನು ಹೇಳಿದರು, ಊರಿಗೆ ಕಾಗದ ಬರೆಯುವಾಗ ಏನನ್ನು ಬಿಟ್ಟರು? ಅಷ್ಟು ಸಾಕು. ಮತ್ತೆ ಕಳಿಸಿ, ಓದುತ್ತೇನೆ. ಈ ಸಲ ಪುಟಗಳಿಗೆ ನಂಬರ್ ಹಾಕಿ.