ಬರೆದ್ರೆ ಮನಸ್ಸು ಹಗುರ ಆಗುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾನು ಮಂಡ್ಯದವಳು. ರಾತ್ರಿ ಮಲಗಿದ್ರೆ ನಾಳೆ ಏನೇನು ಕೆಲಸ, ಮಗಳ ಫೀಸು, ಅತ್ತೆ ಶುಗರು, ಹಬ್ಬದಲ್ಲಿ ನಾದಿನಿ ಎಲ್ರ ಮುಂದೆ ಅಂದ ಮಾತು, ಇವೇ ತಲೇಲಿ ಸುತ್ತುತ್ತೆ, ನಿದ್ದೆ ಬರಲ್ಲ. ಮಗಳು ಡೈರಿ ಬರಿ ಅಮ್ಮ ಅಂತ ನೋಟ್‌ಬುಕ್ ತಂದ್ಕೊಟ್ಳು. ಸ್ವಲ್ಪ ದಿನ ಬರೆದೆ, ಅಡುಗೆ ಮಾಡ್ದೆ, ಬಟ್ಟೆ ಒಗೆದೆ ಅಂತ ಬರೆಯೋದೇ ಆಗೋಯ್ತು, ಬಿಟ್ಬಿಟ್ಟೆ. ಇದ್ರಿಂದ ನಿಜವಾಗ್ಲೂ ಉಪಯೋಗ ಇದ್ಯಾ? ಫೋನಲ್ಲೇ ಬರ್ಕೊಂಡ್ರೆ ಆಗಲ್ವಾ? ಮನೇಲಿ ಯಾರಾದ್ರೂ ಓದಿಬಿಟ್ರೆ ಅನ್ನೋ ಭಯಾನೂ ಇದೆ.

ಉತ್ತರ: ಉಪಯೋಗ ಇದೆ ಅಕ್ಕ. ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಏನಂದ್ರೆ, ತಲೇಲಿ ಸುತ್ತೋದು ನಾದಿನಿ ಮಾತು, ನೋಟ್‌ಬುಕ್ಕಲ್ಲಿ ಇರೋದು ಬಟ್ಟೆ ಒಗೆದಿದ್ದು. ನಾದಿನಿ ಮಾತನ್ನೇ ಬರೀರಿ.

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಸಾಂಡ್ರಾ ಬೀಲ್ ಅನ್ನೋರ ಜೊತೆ ಸೇರಿ ಕಾಲೇಜು ಹುಡುಗ ಹುಡ್ಗೀರನ್ನ ಕೂರಿಸಿ ದಿನಾ 15 ನಿಮಿಷ, ಸತತ 4 ದಿನ ಬರೆಸಿದ್ರು. ಕೆಲವ್ರಿಗೆ ಸಾಧಾರಣ ವಿಷಯ ಕೊಟ್ರು, ಇನ್ನು ಕೆಲವ್ರಿಗೆ ಜೀವನದಲ್ಲಿ ತುಂಬಾ ನೋಯಿಸಿದ ಘಟನೆ ಬರೀರಿ ಅಂದ್ರು. ನಡೆದಿದ್ದನ್ನೂ ಆಗ ಅನ್ಸಿದ್ದನ್ನೂ ಎರಡನ್ನೂ ಬರೆದವ್ರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದು ಕಮ್ಮಿ ಆಗಿತ್ತು. ಆದ್ರೆ ಬರೆದ ತಕ್ಷಣ ಅವ್ರಿಗೆ ಹಗುರ ಏನೂ ಆಗಿರ್ಲಿಲ್ಲ, ಬೇಜಾರು ಜಾಸ್ತೀನೇ ಆಗಿತ್ತು. ಹಾಗಾಗಿ ಬರೆದ ದಿನ ಕಣ್ಣಲ್ಲಿ ನೀರು ಬಂತು ಅಂತ ಪುಸ್ತಕ ಎತ್ತಿಡಬೇಡಿ. ಅವತ್ತಿಂದ ಇವತ್ತಿನವರೆಗೆ ನೂರಕ್ಕಿಂತ ಜಾಸ್ತಿ ಅಧ್ಯಯನ ಆಗಿವೆ, ಎಲ್ಲಾ ಒಟ್ಟು ಹಾಕಿದ್ರೆ ಸಿಗೋ ಪ್ರಯೋಜನ ಸಣ್ಣದು, ಪವಾಡ ಅಲ್ಲ. ಒಂದು ನೋಟ್‌ಬುಕ್ಕು ಒಂದು ಪೆನ್ನಿನ ಖರ್ಚಿಗೆ ಅಷ್ಟು ಸಿಕ್ಕಿದ್ರೂ ನನ್ನ ಲೆಕ್ಕದಲ್ಲಿ ದೊಡ್ಡದೇ.

ಪೆನ್ನೆಬೇಕರ್ ಆಮೇಲೆ ಆ ಥರದ ಬರಹಗಳಲ್ಲಿನ ಪದಗಳನ್ನ ಕಂಪ್ಯೂಟರಲ್ಲಿ ಎಣಿಸಿ ನೋಡಿದಾಗ ಇನ್ನೊಂದು ವಿಷಯ ಸಿಕ್ತು. ದಿನ ಕಳೆದಂಗೆ ಯಾಕೆ ಹೀಗಾಯ್ತು, ಈಗ ನನಗೆ ಏನು ಅರ್ಥ ಆಗ್ತಿದೆ ಅಂತ ಬರೆಯೋಕೆ ಶುರು ಮಾಡಿದವ್ರಿಗೆ ಹೆಚ್ಚು ಒಳ್ಳೇದಾಗಿತ್ತು. ಬೈದಿದ್ದನ್ನೇ ಬೈದು ಪುಟ ತುಂಬ್ಸೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲ ದಿನ ನಾದಿನಿ ಏನಂದ್ರು ಅಂತ ಇದ್ದಂಗೇ ಬರೀರಿ, ಕೋಪ ಎಲ್ಲಾ ಹಾಕಿ, ಯಾರೂ ತಿದ್ದಲ್ಲ. ಮಾರನೇ ದಿನ ಅದೇ ಮಾತು ನಿಮಗೆ ಅಷ್ಟು ಯಾಕೆ ಚುಚ್ಚಿತು ಅಂತ ಬರೀರಿ, ಅವ್ರು ಅಂದಿದ್ದಕ್ಕಾ, ನಿಮ್ಮನೆಯವ್ರು ಪಕ್ಕದಲ್ಲೇ ಇದ್ದು ಸುಮ್ನಿದ್ದಿದ್ದಕ್ಕಾ? ನೋವು ಒಂದು ಕಡೆ ಇರುತ್ತೆ, ನಾವು ಕೈ ತೋರ್ಸೋದು ಇನ್ನೊಂದು ಕಡೆ, ಇದು ಮಾತಲ್ಲಿ ಗೊತ್ತಾಗಲ್ಲ, ಬರೆದು ಓದಿದ್ರೆ ಗೊತ್ತಾಗುತ್ತೆ.

ನಾಳೆ ಕೆಲಸದ ಚಿಂತೆಗೆ ಇಷ್ಟೆಲ್ಲಾ ಬೇಡ, ಮಲಗೋ ಮುಂಚೆ 5 ನಿಮಿಷ ಪಟ್ಟಿ ಬರೆದ್ರೆ ಸಾಕು. ಅಮೆರಿಕದ ಬೇಲರ್ ಯೂನಿವರ್ಸಿಟಿಯವ್ರು 57 ಜನರ ನಿದ್ದೆಯನ್ನ ಲ್ಯಾಬಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ್ರು, ಮುಂದೆ ಮಾಡಬೇಕಾದ್ದನ್ನ ಬರೆದು ಮಲಗಿದವ್ರಿಗೆ ಆಗಲೇ ಮಾಡಿ ಮುಗ್ಸಿದ್ದನ್ನ ಬರೆದವ್ರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಪಟ್ಟಿ ಎಷ್ಟು ವಿವರವಾಗಿದ್ರೆ ಅಷ್ಟು ಬೇಗ. ಸುಮ್ನೆ ಫೀಸು ಅಂತ ಬರೀಬೇಡಿ, ಸೋಮವಾರ ಬ್ಯಾಂಕಿಗೆ ಹೋಗಿ ಎಷ್ಟು ದುಡ್ಡು ತೆಗೀಬೇಕು, ಕಮ್ಮಿ ಬಿದ್ರೆ ಯಾರನ್ನ ಕೇಳ್ಬೇಕು, ಅಷ್ಟೂ ಬರೀರಿ.

ಫೋನು ಬೇಡ ಅನ್ನೋದು ನನ್ನ ಅಭಿಪ್ರಾಯ. 2024ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ 36 ವಿದ್ಯಾರ್ಥಿಗಳ ತಲೆಗೆ ಸೆನ್ಸರ್ ಹಾಕಿ ನೋಡಿದಾಗ ಟೈಪ್ ಮಾಡೋವಾಗಿಗಿಂತ ಕೈಯಲ್ಲಿ ಬರೆಯೋವಾಗ ಮೆದುಳಿನ ಬೇರೆ ಬೇರೆ ಭಾಗಗಳ ನಡುವೆ ಸಂಪರ್ಕ ಹೆಚ್ಚಿತ್ತು. ಅವ್ರು ಅಳೆದಿದ್ದು ಬರೀ ಪದ ಬರೆಯೋದನ್ನ, ಮನಸ್ಸಿನ ಭಾರವನ್ನಲ್ಲ, ಆದ್ರಿಂದ ಅದನ್ನೇ ಹಿಡ್ಕೊಂಡು ನಾನು ವಾದ ಮಾಡಲ್ಲ. ನನ್ನ ಕಾರಣ ಬೇರೆ. ಫೋನ್ ಕೀಬೋರ್ಡು ಮುಂದಿನ ಪದ ತಾನೇ ಮುಂದಕ್ಕೆ ತಳ್ಳುತ್ತೆ, ಅದನ್ನೇ ಒತ್ತಿಕೊಂಡು ಹೋದ್ರೆ ನಿಮ್ಮ ದುಃಖಕ್ಕೆ ಯಾರ್ಯಾರದೋ ಮಾತು ಸೇರುತ್ತೆ, ಅಷ್ಟೊತ್ತಿಗೆ ಮೇಲಿಂದ ವಾಟ್ಸಾಪ್ ಮೆಸೇಜು ಬೇರೆ. ಪೆನ್ನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲಾ ಹಾಕ್ಕೊಂಡು ಬರೆಯೋಷ್ಟರಲ್ಲಿ ಕೈ ಹಿಂದೆ ಬೀಳುತ್ತೆ, ಮನಸ್ಸು ಕಾಯಬೇಕಾಗುತ್ತೆ, ಆ ಕಾಯೋ ಹೊತ್ತಲ್ಲೇ ನಾನು ಬರೀತಿರೋದು ನಿಜಾನಾ ಅನ್ನೋ ಪ್ರಶ್ನೆ ಏಳುತ್ತೆ. ನಾನೂ ಬರೆಯೋಳು, ನನಗೆ ಡೈರಿ ಬೇಕಾಗಿರೋದು ಆ ಪ್ರಶ್ನೆಗೋಸ್ಕರ.

ಯಾರಾದ್ರೂ ಓದ್ತಾರೆ ಅನ್ನೋ ಭಯ ಸಣ್ಣದಲ್ಲ, ಭಯ ಇಟ್ಕೊಂಡು ಬರೆದ್ರೆ ಮತ್ತೆ ಬಟ್ಟೆ ಒಗೆದಿದ್ದೇ ಬರೋದು. ಬೀರುವಿನ ಬೀಗ ನಿಮ್ಮ ಕೈಲಿದ್ರೆ ಅಲ್ಲಿಡಿ. ಇಲ್ಲಾಂದ್ರೆ ಹಾಲಿನ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದಿಂದ ಬರೀರಿ, ಅದನ್ನ ಯಾರೂ ಕಡೇತನಕ ತಿರುವಿ ನೋಡಲ್ಲ. ತುಂಬಾ ಗುಟ್ಟಿನದಾದ್ರೆ ಬಿಡಿ ಹಾಳೇಲಿ ಬರೆದು, ಒಂದ್ಸಲ ಓದಿ, ಹರಿದು ಒಲೆಗೆ ಹಾಕಿ, ಬರೆದಾಗಲೇ ಕೆಲಸ ಆಗಿರುತ್ತೆ. ತಾರೀಖು ಅಚ್ಚಾಗಿರೋ ಡೈರಿ ತಗೋಬೇಡಿ, ಬಿಟ್ಟ ದಿನದ ಖಾಲಿ ಪುಟ ನೋಡಿದ್ರೇ ಬರೆಯೋ ಮನಸ್ಸು ಹೋಗುತ್ತೆ. ಮಗಳು ಕೊಟ್ಟ ನೋಟ್‌ಬುಕ್ಕೇ ಸರಿ. ವಾರಕ್ಕೆ ಎರಡು ಸಲ ಬರೆದ್ರೂ ಅದು ಡೈರೀನೇ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೋದೇ ಬೇಡ ಅನ್ಸುತ್ತೆ ಅನ್ನೋ ಹಂಗಿದ್ರೆ ಬರಹ ಸಾಲಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೇಲಿ ಮಾನಸಿಕ ರೋಗ ವಿಭಾಗ ಇದೆ, ಅಲ್ಲಿಗೆ ಹೋಗೋಕೆ ಸಂಕೋಚ ಪಡಬೇಡಿ.

ಪ್ರಶ್ನೆ: ನಾನು ಪಾಂಡವಪುರ ಕಡೆಯ ರೈತ. ನಾಲೆಗೆ ನೀರು ಬಿಟ್ಟ ದಿನ, ಮಳೆ, ಕಬ್ಬು ಕಡಿದ ದಿನ, ಗೊಬ್ಬರದ ಖರ್ಚು ಬರ್ದಿಡ್ತೀನಿ, ಮನಸ್ಸಿಂದು ಏನೂ ಬರೆಯಲ್ಲ. ಇದು ಡೈರಿ ಆಯ್ತದಾ?

ಉತ್ತರ: ಖಂಡಿತ ಆಗುತ್ತೆ ಅಣ್ಣ, ಬಿಡಬೇಡಿ. ನಮ್ಮ ಕಡೆ ಶಾನುಭೋಗರು ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದಿಡ್ತಿದ್ದಿದ್ದೂ ಹೆಚ್ಚಾಗಿ ಲೆಕ್ಕಾನೇ, ಇವತ್ತು ಅದನ್ನ ಓದಿ ಊರಿನ ಚರಿತ್ರೆ ಬರೀತಾರೆ. ನಿಮಗೆ ಸಿಗೋ ಲಾಭ ಇನ್ನೂ ಹತ್ತಿರದ್ದು. 2023ರಲ್ಲಿ ಕನ್ನಂಬಾಡಿ ಅಣೆಕಟ್ಟು ತುಂಬ್ಲಿಲ್ಲ, 2024ರಲ್ಲಿ ತುಂಬಿ 124.80 ಅಡಿ ಮುಟ್ಟಿತು, ಇದು ಪೇಪರಲ್ಲಿ ಸಿಗುತ್ತೆ. ಆದ್ರೆ ಆ ಬರದ ವರ್ಷ ನಿಮ್ಮ ಗದ್ದೆ ತೂಬಿಗೆ ನೀರು ಯಾವತ್ತು ಬಂತು, ಕೂಳೆ (ಕಡಿದ ಕಬ್ಬಿನ ಬುಡದಿಂದ ಬರೋ ಮರುಬೆಳೆ) ಬಿಟ್ಟಿದ್ದು ಲಾಭ ಆಯ್ತಾ ನಷ್ಟ ಆಯ್ತಾ, ಅದು ನಿಮ್ಮ ಪುಸ್ತಕದಲ್ಲಿ ಮಾತ್ರ ಇರೋದು. ನೆನಪು ನಂಬಿದ್ರೆ ಒಳ್ಳೆ ವರ್ಷ ಇನ್ನೂ ಒಳ್ಳೇದಾಗಿ, ಕೆಟ್ಟ ವರ್ಷ ಇನ್ನೂ ಕೆಟ್ಟದಾಗಿ ಕಾಣುತ್ತೆ, ಬರೆದಿದ್ದು ಆ ಭ್ರಮೆ ಬಿಡಿಸುತ್ತೆ. ಒಂದು ಸಾಲು ಸೇರ್ಸಿ ಅಂತ ಕೇಳ್ಕೋತೀನಿ, ಸಾಲ ತಗೊಂಡ ದಿನ, ಬೆಳೆ ಬದಲಾಯಿಸಿದ ದಿನ, ಯಾಕೆ ಹಾಗೆ ಮಾಡಿದ್ರಿ ಅನ್ನೋದು. ಮುಂದೆ ಮಗ ಬಂದು ಅಪ್ಪ ಯಾಕಪ್ಪ ಹಿಂಗೆ ಮಾಡ್ದೆ ಅಂತ ಕೇಳಿದ್ರೆ ಆ ಪುಟ ತೋರಿಸ್ಬಹುದು.

ಪ್ರಶ್ನೆ: ಪಿಯುಸಿ ಓದೋ ಮಗಳು ದಿನಾ ಏನೋ ಬರೀತಾಳೆ, ನಾವು ಹೋದ್ರೆ ಮುಚ್ಚಿಡ್ತಾಳೆ. ಓದಿ ನೋಡ್ಲಾ? (ಮೈಸೂರಿನ ತಂದೆಯೊಬ್ಬರು)

ಉತ್ತರ: ಬೇಡ ಸರ್. ಒಂದ್ಸಲ ಓದಿದ್ದು ಗೊತ್ತಾದ್ರೆ ಆಮೇಲೆ ಅವಳು ಬರೆಯೋದೆಲ್ಲಾ ನಿಮಗೆ ತೋರ್ಸೋಕೆ ಅಂತ ಬರೆದಿದ್ದಾಗುತ್ತೆ, ತನ್ನ ಜೊತೆ ತಾನು ಮಾತಾಡೋ ಜಾಗ ಹೋಗುತ್ತೆ. ಅವಳು ಮಂಕಾಗಿದ್ದಾಳೆ, ಯಾರ ಜೊತೇನೂ ಸೇರ್ತಿಲ್ಲ ಅನ್ಸಿದ್ರೆ ಅವಳನ್ನೇ ಕೂರಿಸ್ಕೊಂಡು ಕೇಳಿ, ಒಂದೇ ದಿನಕ್ಕೆ ಹೇಳದಿದ್ರೆ ಇನ್ನೊಂದು ದಿನ ಕೇಳಿ. ಪ್ರಾಣಕ್ಕೆ ಅಪಾಯ ಇದೆ ಅಂತ ಗಟ್ಟಿ ಅನುಮಾನ ಬಂದಾಗ ಮಾತ್ರ ಓದಬೇಡಿ ಅನ್ನೋ ಮಾತು ಅನ್ವಯಿಸಲ್ಲ.