ಪೆಟ್ ಸ್ಕ್ಯಾನ್ ವರದಿಯಲ್ಲಿ ‘ಮೂರು’ ಎಂದರೇನು?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳಿಗೆ ಹಾಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದೆ. ಎರಡು ಸುತ್ತು ಕಿಮೋ ಆದ ಮೇಲೆ ತೆಗೆಸಿದ ಪೆಟ್ ಸ್ಕ್ಯಾನ್ ವರದಿಯಲ್ಲಿ ಎದೆಯ ಗಂಟು ಇನ್ನೂ ಉಳಿದಿದೆ, ‘ಡೋವಿಲ್ ಮೂರು’ ಎಂದಿದೆ. ಆದರೂ ಡಾಕ್ಟರು ರೇಡಿಯೇಶನ್ ಬೇಕಾಗಲಿಕ್ಕಿಲ್ಲ ಎನ್ನುತ್ತಾರೆ. ಇದು ಸರಿಯೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಡಾಕ್ಟರ ಮಾತಿಗೆ ಆಧಾರವಿದೆ. ಸಿ.ಟಿ. ಸ್ಕ್ಯಾನ್ ಗಂಟಿನ ಗಾತ್ರವನ್ನು ಅಳೆಯುತ್ತದೆ. ಪೆಟ್ ಸ್ಕ್ಯಾನ್, ವಿಕಿರಣ ಸೂಸುವ ಸಕ್ಕರೆಯನ್ನು ಇಂಜೆಕ್ಷನ್ ಮೂಲಕ ಕೊಟ್ಟು, ಗಂಟು ಅದನ್ನು ಎಷ್ಟು ಹೀರುತ್ತಿದೆ ಎಂಬುದನ್ನು ತೋರಿಸುತ್ತದೆ; ಹೆಚ್ಚು ಹೀರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಹಾಜ್‌ಕಿನ್ ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಶೇಕಡ ಒಂದರ ಆಸುಪಾಸಿನಲ್ಲಿದ್ದು, ಮಿಕ್ಕದ್ದೆಲ್ಲ ಅವುಗಳ ಸುತ್ತ ನೆರೆದ ಉರಿಯೂತದ ಕೋಶಗಳು ಮತ್ತು ನಾರು. ಆದ್ದರಿಂದ ರೋಗ ಅಡಗಿದ ಮೇಲೂ ನಾರಿನ ಗಂಟು ತಿಂಗಳುಗಟ್ಟಲೆ ಉಳಿಯಬಹುದು.

‘ಮೂರು’ ಎಂಬುದನ್ನು ಐದಕ್ಕೆ ಮೂರು ಅಂಕವೆಂದೋ, ಶೇಕಡ ಅರವತ್ತು ರೋಗ ಉಳಿದಿದೆಯೆಂದೋ ಓದಬೇಡಿ. ಫ್ರಾನ್ಸಿನ ಡೋವಿಲ್ ಪಟ್ಟಣದಲ್ಲಿ 2009ರಲ್ಲಿ ಸೇರಿದ ತಜ್ಞರು ಗಂಟಿನ ಹೊಳಪನ್ನು ರೋಗಿಯದೇ ದೇಹದ ಎರಡು ಜಾಗಗಳೊಂದಿಗೆ ಹೋಲಿಸುವ ಕ್ರಮವನ್ನು ರೂಪಿಸಿದರು. ಎದೆಯ ನಡುವಿನ ರಕ್ತನಾಳಗಳಿಗಿಂತ ಹೆಚ್ಚು ಹೊಳೆದರೂ ಯಕೃತ್ತನ್ನು ಮೀರದಿದ್ದರೆ ಅದು ಮೂರು. ಯಕೃತ್ತನ್ನು ಸ್ಪಷ್ಟವಾಗಿ ಮೀರಿದ ನಾಲ್ಕು ಮತ್ತು ಐದನ್ನು ಮಾತ್ರ ಸಾಮಾನ್ಯವಾಗಿ ಸಕ್ರಿಯ ರೋಗದ ಗುರುತೆಂದು ಎಣಿಸುತ್ತಾರೆ. ಎರಡು ಸುತ್ತಿನ ಬಳಿಕ ಚೆನ್ನಾಗಿ ಸ್ಪಂದಿಸಿದ ಮಕ್ಕಳಿಗೆ ರೇಡಿಯೇಶನ್ ಕೈಬಿಡುವ ಪದ್ಧತಿಯನ್ನು ಯುರೋಪಿನ ‘ಯುರೋನೆಟ್’ ಪ್ರಯೋಗಗಳು ಪರೀಕ್ಷಿಸಿವೆ. ಅದರ ಲಾಭ ನಿಮ್ಮ ಮಗಳ ವಯಸ್ಸಿನವರಿಗೇ ಹೆಚ್ಚು: ಬಾಲ್ಯದಲ್ಲಿ ಎದೆಗೆ ಬಿದ್ದ ವಿಕಿರಣವು ದಶಕಗಳ ಬಳಿಕ ಸ್ತನ ಕ್ಯಾನ್ಸರ್, ಥೈರಾಯ್ಡ್ ಮತ್ತು ಹೃದಯದ ತೊಂದರೆಗಳಿಗೆ ದಾರಿ ಮಾಡಬಲ್ಲದು. ಆದರೂ ಕೊನೆಯ ತೀರ್ಮಾನ ಆರಂಭದ ಹಂತ ಮತ್ತು ಅನುಸರಿಸುತ್ತಿರುವ ಚಿಕಿತ್ಸಾ ಕ್ರಮವನ್ನೂ ಅವಲಂಬಿಸಿರುವುದರಿಂದ, ಈ ವಿಷಯವನ್ನು ಡಾಕ್ಟರ ಬಳಿ ಬಿಡಿಸಿ ಕೇಳಿ.

ತದ್ವಿರುದ್ಧವಾದ, ಅಂದರೆ ರೋಗವಿಲ್ಲದ ಕಡೆ ಹೊಳಪು ಕಂಡು ಆಗುವ ಗಾಬರಿಯೂ ಉಂಟು. ನನ್ನ ಅನುಭವದಲ್ಲಿ ಅದೇ ಹೆಚ್ಚು. ಕಿಮೋ ಮುಗಿದ ಕೆಲವು ತಿಂಗಳಿಗೆ ಮಕ್ಕಳ ಥೈಮಸ್ ಗ್ರಂಥಿ ಮರಳಿ ಬೆಳೆಯುವಾಗ ಎದೆಯಲ್ಲಿ ಹೊಳೆಯುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ನಿನ ನಂತರ ಮೂಳೆಮಜ್ಜೆ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಕ್ಷಯದ ಗಂಟಂತೂ ಲಿಂಫೋಮಾದಷ್ಟೇ ಜೋರಾಗಿ ಸಕ್ಕರೆ ಹೀರಬಲ್ಲದು. ಹೀಗಾಗಿ ಹೊಸ ಹೊಳಪು ಕಂಡರೆ, ಸಾಧ್ಯವಿದ್ದಲ್ಲಿ ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳದೆ ಚಿಕಿತ್ಸೆಯನ್ನು ಬದಲಿಸಬಾರದು. ಚಿಕಿತ್ಸೆ ಮುಗಿದು ಮಗು ಆರಾಮವಾಗಿರುವಾಗ ಕೇವಲ ನೆಮ್ಮದಿಗಾಗಿ ಮತ್ತೆ ಮತ್ತೆ ಪೆಟ್ ಮಾಡಿಸುವುದೂ ಬೇಡ.

ಸ್ಕ್ಯಾನಿನ ದಿನ ಒಂದು ಸ್ವೆಟರ್ ಒಯ್ಯಿರಿ. ಮುಂಬಯಿಯಲ್ಲಿ ಸ್ವೆಟರೇ ಎಂದು ನಗಬೇಡಿ: ಎ.ಸಿ. ಕೋಣೆಯಲ್ಲಿ ಚಳಿ ಹಿಡಿದ ಮಗುವಿನ ಕತ್ತು ಮತ್ತು ಹೆಗಲಿನ ಕಂದು ಕೊಬ್ಬು ಮೈ ಕಾಯಿಸಲು ಸಕ್ಕರೆ ಹೀರಿ, ಗಂಟುಗಳು ಇರಬಹುದಾದ ಜಾಗದಲ್ಲೇ ಬೆಳಗುತ್ತದೆ.

ಪ್ರಶ್ನೆ: ಮಗನಿಗೆ ನಾಳಿದ್ದು ಪೆಟ್ ಸ್ಕ್ಯಾನ್. ಮನೆಯಲ್ಲಿ ಗರ್ಭಿಣಿ ನಾದಿನಿ ಇದ್ದಾಳೆ. ಅವನನ್ನು ಎಷ್ಟು ದಿನ ದೂರವಿಡಬೇಕು?
– ಓದುಗರು, ಪುಣೆ

ಉತ್ತರ: ದಿನಗಳ ಮಾತೇ ಇಲ್ಲ. ಸ್ಕ್ಯಾನಿಗೆ ಕೊಡುವ ಸಕ್ಕರೆಗೆ ಜೋಡಿಸಿದ ವಿಕಿರಣ ದ್ರವ್ಯವಾದ ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಮುಂಬಯಿಯ ಪರೇಲಿನ ವಿಕಿರಣ ವೈದ್ಯ ಕೇಂದ್ರದಲ್ಲಿ 2002ರಲ್ಲಿ ದೇಶದ ಮೊದಲ ಪೆಟ್ ಸೌಲಭ್ಯ ಶುರುವಾದಾಗ, ಈ ದ್ರವ್ಯವನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರವನ್ನೂ ಅಲ್ಲಿಯೇ ಇರಿಸಬೇಕಾದದ್ದು ಇದೇ ಕಾರಣಕ್ಕೆ. ಮಗ ಚೆನ್ನಾಗಿ ನೀರು ಕುಡಿದು ಆಗಾಗ ಮೂತ್ರಕ್ಕೆ ಹೋಗಲಿ. ಆ ದಿನದ ಮಟ್ಟಿಗೆ ನಾದಿನಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳದಿದ್ದರೆ ಸಾಕು. ಮರುದಿನ ಬೆಳಿಗ್ಗೆ ಎಂದಿನಂತೆ ಜೊತೆಯಲ್ಲಿ ತಿಂಡಿ ತಿನ್ನಬಹುದು.